ಎಳೆಯ ನರಕೋಶದ ನಿಧಾನ ಮಿಡಿತ

ಕ್ರಿಯಾವಿಭವ ಎಂದೊಡನೆ ಪಠ್ಯಪುಸ್ತಕದ ಚಿತ್ರವೊಂದು ನಿಮಗೆ ನೆನಪಾಗಬಹುದು. ವಿಶ್ರಾಂತಿಯಲ್ಲಿ ನರಕೋಶದ ಒಳಗಿನ ವಿಭವ ಸುಮಾರು -70 ಮಿಲಿವೋಲ್ಟ್. ಸೋಡಿಯಮ್ ಅಯಾನುಗಳು ಒಳನುಗ್ಗಿದಾಗ ಅದು ಧನಾತ್ಮಕವಾಗುತ್ತದೆ, ಪೊಟ್ಯಾಸಿಯಮ್ ಹೊರಹರಿದಾಗ ಮತ್ತೆ ಇಳಿಯುತ್ತದೆ. ಎಲ್ಲವೂ ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದರೆ ಇದು ಬಲಿತ ಕೋಶದ ಚಿತ್ರ. ಭ್ರೂಣದಲ್ಲಿ ಆಗತಾನೇ ರೂಪುಗೊಂಡ ಕೋಶ ಹೇಗೆ ಮಿಡಿಯುತ್ತದೆ?

ಆಫ್ರಿಕಾದ ಜೀನೋಪಸ್ ಕಪ್ಪೆಯ ಭ್ರೂಣದ ಬೆನ್ನುಹುರಿಯಲ್ಲಿ ರೋಹನ್-ಬಿಯರ್ಡ್ ಎಂಬ ದೊಡ್ಡ ಸಂವೇದನಾ ಕೋಶಗಳಿವೆ. ಅವುಗಳ ಮೇಲೆ ನಡೆಸಿದ ಅಳತೆಗಳನ್ನು ಬಕ್ಕಲೀನಿ ಮತ್ತು ಸ್ಪಿಟ್ಜರ್ 1977ರಲ್ಲಿ ಪ್ರಕಟಿಸಿದರು. ಅವುಗಳ ಮೊದಮೊದಲ ಮಿಡಿತದಲ್ಲಿ ಒಳಹರಿಯುವುದು ಮುಖ್ಯವಾಗಿ ಕ್ಯಾಲ್ಸಿಯಮ್. ಮಿಡಿತವೂ ಬಹಳ ದೀರ್ಘ. ಬೆಳೆದಂತೆ ಸೋಡಿಯಮ್ಮಿನ ಪಾಲು ಹೆಚ್ಚಿ, ಕೊನೆಗೆ ಅದೇ ಪ್ರಧಾನವಾಗುತ್ತದೆ. ಮಿಡಿತ ಚುಟುಕಾಗುವುದಕ್ಕೆ ದೊಡ್ಡ ಕಾರಣ ಪೊಟ್ಯಾಸಿಯಮ್ ಪ್ರವಾಹ ಬಲಗೊಳ್ಳುವುದು. ಅದೇ ಇಲ್ಲಿನ ಬ್ರೇಕು.

ಎಳೆಯ ಕೋಶಕ್ಕೆ ಕ್ಯಾಲ್ಸಿಯಮ್ಮೇ ಏಕೆ? ಒಂದು ಸರಳ ಲೆಕ್ಕ ಮಾಡಿ ನೋಡಿ. ಕೋಶಪೊರೆ ಒಂದು ಕೆಪಾಸಿಟರ್. ಚದರ ಸೆಂಟಿಮೀಟರಿಗೆ ಸುಮಾರು 1 ಮೈಕ್ರೊಫ್ಯಾರಡ್. 20 ಮೈಕ್ರೊಮೀಟರ್ ವ್ಯಾಸದ ಗೋಳಾಕಾರದ ಕೋಶಕ್ಕೆ ಇದು 13 ಪಿಕೊಫ್ಯಾರಡ್ ಆಗುತ್ತದೆ. ವಿಭವವನ್ನು 100 ಮಿಲಿವೋಲ್ಟ್ ಏರಿಸಲು ಕನಿಷ್ಠ 80 ಲಕ್ಷ ಸೋಡಿಯಮ್ ಅಯಾನುಗಳು ಬೇಕು. ಲೀಟರಿಗೆ 10 ಮಿಲಿಮೋಲ್ ಎಂದಿಟ್ಟುಕೊಂಡರೆ ಕೋಶದಲ್ಲಿ ಮೊದಲೇ 2500 ಕೋಟಿ ಸೋಡಿಯಮ್ ಅಯಾನುಗಳಿವೆ! ಹೊಸದಾಗಿ ಬಂದವು ಲೆಕ್ಕಕ್ಕೇ ಇಲ್ಲ. ಎರಡು ಆವೇಶದ ಕ್ಯಾಲ್ಸಿಯಮ್ ಆದರೆ 40 ಲಕ್ಷ ಸಾಕು. ಆದರೆ ಒಳಗಿರುವ ಮುಕ್ತ ಕ್ಯಾಲ್ಸಿಯಮ್ (ಸುಮಾರು 100 ನ್ಯಾನೊಮೋಲ್) ಕೇವಲ ಎರಡೂವರೆ ಲಕ್ಷ ಅಯಾನು. ಅಂದರೆ ಬಂದದ್ದು ಇದ್ದುದರ ಹದಿನಾರು ಪಟ್ಟು. ಅದರಲ್ಲಿ ಬಹುಪಾಲನ್ನು ಪ್ರೋಟೀನುಗಳು ಹಿಡಿದಿಟ್ಟುಕೊಳ್ಳುತ್ತವೆ, ನಿಜ. ಆದರೂ ಉಳಿದದ್ದು ಕೋಶಕ್ಕೆ ಸ್ಪಷ್ಟ ರಾಸಾಯನಿಕ ಸಂಕೇತ. ಮಿಡಿತ ನಿಧಾನವಾದಷ್ಟೂ ಸಂಕೇತ ಬಲವಾಗುತ್ತದೆ.

ಈ ಸಂಕೇತ ಏನು ಮಾಡುತ್ತದೆ? 1995ರಲ್ಲಿ ಗು ಮತ್ತು ಸ್ಪಿಟ್ಜರ್ ಜೀನೋಪಸ್ ಬೆನ್ನುಹುರಿಯ ಕೋಶಗಳಲ್ಲಿ ಕ್ಯಾಲ್ಸಿಯಮ್ಮಿನ ಈ ಏರಿಳಿತಗಳನ್ನು ತಡೆದು ನೋಡಿದರು. ಪೊಟ್ಯಾಸಿಯಮ್ ಪ್ರವಾಹ ಸರಿಯಾಗಿ ಬಲಿಯಲಿಲ್ಲ; ಗಾಬಾ ಎಂಬ ನರವಾಹಕವೂ ಎಂದಿನಂತೆ ಕಾಣಿಸಿಕೊಳ್ಳಲಿಲ್ಲ. ಗಂಟೆಗೆ ಸುಮಾರು ಮೂರು ಬಾರಿ ಕೃತಕವಾಗಿ ಕ್ಯಾಲ್ಸಿಯಮ್ ಏರಿಸಿದಾಗ ಎರಡೂ ಸರಿಹೋದವು. ನಿಧಾನ ಮಿಡಿತ ತನ್ನ ಬ್ರೇಕನ್ನು ತಾನೇ ಕಟ್ಟಿಕೊಳ್ಳುತ್ತದೆ!

ಎಲ್ಲ ಪ್ರಾಣಿಗಳ ಎಲ್ಲ ನರಕೋಶಗಳೂ ಇದೇ ಕ್ರಮವನ್ನು ಅನುಸರಿಸುವುದಿಲ್ಲ. ಮೊದಲಿನಿಂದಲೇ ಸೋಡಿಯಮ್ಮನ್ನು ಬಳಸುವ ಕೋಶಗಳೂ ಇವೆ.