ಡಿನ್ನರ್‌ಗೆ ಎರಡು ಎನ್ ಏಕೆ?

ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಇಂಗ್ಲಿಷ್ ಸ್ಪೆಲಿಂಗಿನ ಒಂದು ಗುಟ್ಟು ಆಗಲೇ ಅರ್ಧ ಗೊತ್ತಿರುತ್ತದೆ. 'ಕನ್ನಡ' ಎಂದು ಬರೆಯುವಾಗ ಕ, ನ್ನ, ಡ. ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ 'ಕ' ಗುರು. ಏಕೆಂದರೆ ಬಾಯಿ ಆ ಪದವನ್ನು ಒಡೆಯುವುದು ಕನ್-ನ-ಡ ಎಂದು. ಮೊದಲ 'ನ್' ಹಿಂದಕ್ಕೆ ಅಂಟಿ ಕದ ಮುಚ್ಚುತ್ತದೆ.

ಇಂಗ್ಲಿಷಿನ ಸಿಲಬಲ್ ಎಂದರೆ ಹೀಗೆ ಬಾಯಿ ಒಡೆದ ತುಂಡು. ತುಂಡಿಗೊಂದು ಸ್ವರ, ಕಣ್ಣಿಗೆ ಕಾಣುವುದಲ್ಲ, ಕಿವಿಗೆ ಬೀಳುವುದು. ಕೊನೆಯ ಇ ಮೂಕವಾದ್ದರಿಂದ 'ಮೇಕ್' ಒಂದೇ ತುಂಡು. ಬುಧವಾರದ ಸ್ಪೆಲಿಂಗ್ ಎಷ್ಟೇ ಉದ್ದವಿದ್ದರೂ ವೆನ್ಸ್-ಡೇ, ಎರಡೇ. ಅನುಮಾನವಿದ್ದರೆ ಗದ್ದದ ಕೆಳಗೆ ಅಂಗೈ ಇಟ್ಟು ಹೇಳಿ ನೋಡಿ: ದವಡೆ ಇಳಿದಷ್ಟು ಸಲ, ಸುಮಾರಾಗಿ ಅಷ್ಟು ಸಿಲಬಲ್.

ಮುಚ್ಚಿದ ತುಂಡಿನಲ್ಲಿ ಸ್ವರ ಸಾಮಾನ್ಯವಾಗಿ ಮೊಟಕು; ಸ್ವರದಲ್ಲೇ ಮುಗಿಯುವ, ಒತ್ತು ಬಿದ್ದ ತುಂಡಿನಲ್ಲಿ ಉದ್ದ. ಎರಡು ಎನ್ ಬರೆದರೆ ಡಿನ್-ನರ್, ರಾತ್ರಿಯೂಟ. ಒಂದೇ ಎನ್ ಆದರೆ ಡೈ-ನರ್, ಊಟ ಮಾಡುವವನು. 'ಹೋಪ್'ಗೆ ಐಎನ್‌ಜಿ ಸೇರಿಸುವಾಗ ಒಂದೇ ಪಿ, ಕುಪ್ಪಳಿಸುವ 'ಹಾಪ್'ಗೆ ಎರಡು, ಇದೇ ಕಾರಣಕ್ಕೆ. ಆದರೆ ಆ ಜೋಡಿ ಅಕ್ಷರ ನಮ್ಮ ಒತ್ತಕ್ಷರವಲ್ಲ, ಸ್ವರ ಮೊಟಕು ಎಂಬುದಕ್ಕೆ ಗುರುತು ಅಷ್ಟೆ. ಅವರ ಬಾಯಲ್ಲಿ ಅದು 'ಡಿನರ್'. 'ನ್ನ' ಎಂದು ಒತ್ತಿ ಹೇಳುವವರು ನಾವು.

ಈ ನಿಯಮ ಕೈಕೊಡುವುದೂ ಉಂಟು. 'ರ‍್ಯಾಬಿಟ್'ಗೆ ಎರಡು ಬಿ, 'ಹ್ಯಾಬಿಟ್'ಗೆ ಒಂದೇ. ಇಂಥವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

ನಿಘಂಟಿನಲ್ಲಿ ಪದದ ನಡುವೆ ಕಾಣುವ ಚುಕ್ಕೆಗಳನ್ನೂ ಪೂರ್ತಿ ನಂಬಬೇಡಿ. ಅವು ಮುಖ್ಯವಾಗಿ ಸಾಲಿನ ಕೊನೆಯಲ್ಲಿ ಪದ ಮುರಿಯುವ ಮುದ್ರಕರಿಗಾಗಿ. 'ನಾಲೆಜ್' ಪದದ ಎಲ್ ಅನ್ನು ಅಮೆರಿಕದವರು ಉಚ್ಚಾರ ನೋಡಿ ಮೊದಲ ತುಂಡಿಗೆ ಸೇರಿಸುತ್ತಾರೆ; ಬ್ರಿಟಿಷ್ ಸಂಪ್ರದಾಯ 'ನೋ' ಎಂಬ ಮೂಲಪದವನ್ನು ಇಡಿಯಾಗಿ ಉಳಿಸಿ, ಎಲ್ ಅನ್ನು ಮುಂದಿನದಕ್ಕೆ ಕೊಡುತ್ತದೆ.

ತುಂಡು ಮಾಡಿದ ಮೇಲೆ ಯಾವುದರ ಮೇಲೆ ಒತ್ತು ಎಂಬುದೇ ನಮಗೆ ತೊಡಕು. ನಾವು ಎಲ್ಲ ತುಂಡುಗಳನ್ನೂ ಸಮನಾಗಿ ಉರುಳಿಸುತ್ತೇವೆ. ಅವರಿಗೆ 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲನೆಯದಕ್ಕೆ, 'ಫೊಟಾಗ್ರಫಿ'ಯಲ್ಲಿ ಎರಡನೆಯದಕ್ಕೆ, 'ಫೋಟೋಗ್ರಾಫಿಕ್'ನಲ್ಲಿ ಮೂರನೆಯದಕ್ಕೆ. ಒತ್ತು ಸಿಗದ ಸ್ವರ ಸವೆದು ಅಕಾರದಂತೆ ಮಸುಕಾಗುತ್ತದೆ. ಸ್ಪೆಲಿಂಗ್ ತಪ್ಪುವುದು ಹೆಚ್ಚಾಗಿ ಅಲ್ಲೇ. ಆಗ ಆ ಪದದ ನೆಂಟನನ್ನು ಹುಡುಕಬೇಕು. 'ಗ್ರಾಮರ್' ಕೊನೆಗೆ ಎಆರ್ ಬರೆಯಬೇಕೋ ಇಆರ್ ಬರೆಯಬೇಕೋ ತಿಳಿಯದಿದ್ದರೆ 'ಗ್ರಮ್ಯಾಟಿಕಲ್' ಎಂದು ಜೋರಾಗಿ ಹೇಳಿ. ಒತ್ತು ಎರಡನೆಯ ತುಂಡಿಗೆ ಬಂದು, ಅಡಗಿದ್ದ ಎ ಕೇಳಿಸುತ್ತದೆ.