ಹತ್ತು ಸೆಕೆಂಡಿಗೆ ಸಿಗದ ಹೃದಯ

ಹೃದಯದ ಲಯ ತಪ್ಪುವ ಕಾಯಿಲೆಗಳು ಬಹುಮಟ್ಟಿಗೆ ವೈದ್ಯರ ಎದುರು ಕಾಣಿಸಿಕೊಳ್ಳುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿಸಿ ತೆಗೆಯುವ ಇ.ಸಿ.ಜಿ. ದಾಖಲಿಸುವುದು ಸುಮಾರು 10 ಸೆಕೆಂಡುಗಳ ಬಡಿತವನ್ನು. ದಿನಕ್ಕಿರುವುದು 86,400 ಸೆಕೆಂಡುಗಳು. ಉಳಿದ ಸಮಯದಲ್ಲಿ ಹೃದಯ ಏನು ಮಾಡಿತೆಂಬುದಕ್ಕೆ ಆ ಕಾಗದದಲ್ಲಿ ಉತ್ತರವಿರುವುದಿಲ್ಲ. ಆದರೂ 'ಇ.ಸಿ.ಜಿ. ನಾರ್ಮಲ್' ಎಂಬ ಎರಡು ಪದಗಳನ್ನು ನಾವು ಪೂರ್ಣ ಪ್ರಮಾಣಪತ್ರವೆಂದೇ ಭಾವಿಸುತ್ತೇವೆ.

ವಿದುರಾಶ್ವತ್ಥದಲ್ಲಿ ವಾಸವಾಗಿರುವ, ಎಪ್ಪತ್ತು ದಾಟಿದ ನನ್ನ ತಾಯಿಗೆ ತಿಂಗಳಲ್ಲಿ ಎರಡು ಮೂರು ಬಾರಿ ಕಣ್ಣು ಕತ್ತಲಿಟ್ಟು ಕುಸಿಯುವಂತಾಗುತ್ತಿತ್ತು. ಮೂರು ಸಲ ತೆಗೆಸಿದ ಇ.ಸಿ.ಜಿ.ಯಲ್ಲಿ ಯಾವ ದೋಷವೂ ಇರಲಿಲ್ಲ. ನೆರೆಹೊರೆಯವರು ಪಿತ್ತವೆಂದರು. ನಾಗಪ್ಪನಿಗೆ ಹಾಲೆರೆಯಿರಿ ಎಂದವರೂ ಇದ್ದರು. ಸಾವಿರಾರು ನಾಗರಕಲ್ಲುಗಳಿರುವ ಊರಿನಲ್ಲಿ ಆ ಸಲಹೆ ಬಾರದಿದ್ದರೇ ಆಶ್ಚರ್ಯ. ಕೊನೆಗೆ ಬೆಂಗಳೂರಿನ ಹೃದ್ರೋಗ ತಜ್ಞರೊಬ್ಬರು 24 ಗಂಟೆಗಳ ಹೋಲ್ಟರ್ ಪರೀಕ್ಷೆ ಸೂಚಿಸಿದರು.

ಈ ಯಂತ್ರಕ್ಕೆ ಅಮೆರಿಕದ ಮೊಂಟಾನಾ ರಾಜ್ಯದ ಜೀವಭೌತ ವಿಜ್ಞಾನಿ ನಾರ್ಮನ್ ಹೋಲ್ಟರ್ ಅವರ ಹೆಸರಿದೆ. 1940ರ ದಶಕದ ಕೊನೆಯಲ್ಲಿ ಅವರು ಬೆನ್ನಿಗೆ ಹೊತ್ತ ಮೊದಲ ಉಪಕರಣದ ತೂಕ ಸುಮಾರು 38 ಕಿಲೋ! ಇಂದು ಅದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಎದೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳಿಂದ ತಂತಿಗಳು ಸೊಂಟದ ಚೀಲಕ್ಕೆ ಇಳಿಯುತ್ತವೆ. ತಂತಿಯೇ ಇಲ್ಲದೆ ಎರಡು ವಾರ ಎದೆಯ ಮೇಲಿರುವ ಪಟ್ಟಿಗಳೂ ಬಂದಿವೆ.

ಯಂತ್ರ ಚಿಕ್ಕದಾಯಿತೆಂಬ ಮಾತ್ರಕ್ಕೆ ಮನೆಯಲ್ಲಿ ಅದನ್ನು ಧರಿಸುವುದು ಸುಲಭವಾಯಿತೆಂದಲ್ಲ. ಅದನ್ನು ಕಟ್ಟಿಕೊಂಡಿರುವಾಗ ಸ್ನಾನ ಮಾಡುವಂತಿಲ್ಲ. ಶುಕ್ರವಾರದ ತಲೆಸ್ನಾನ ಮುಗಿಯುವವರೆಗೆ ತಾಯಿ ಒಪ್ಪಲಿಲ್ಲ. ಎದೆಗೆ ಎಲೆಕ್ಟ್ರೋಡ್ ಅಂಟಿಸಲು ಮಹಿಳಾ ತಂತ್ರಜ್ಞರೇ ಬೇಕೆಂದು ಕೇಳುವುದನ್ನು ಅತಿಸಂಕೋಚವೆಂದು ಯಾರೂ ತಳ್ಳಿಹಾಕಬಾರದು. ಇವೆಲ್ಲಕ್ಕಿಂತ ದೊಡ್ಡ ತೊಡಕು ಬಂಧುಗಳ ಪ್ರೀತಿ. ಯಂತ್ರ ಕಟ್ಟಿದ್ದೇ ತಡ, 'ಮಲಗಿಕೊಳ್ಳಮ್ಮ, ಏನೂ ಮಾಡಬೇಡ' ಎಂದು ಎಲ್ಲರೂ ಮುತ್ತಿಕೊಂಡರು. ಪರೀಕ್ಷೆಯ ಉದ್ದೇಶವೇ ಅದಕ್ಕೆ ವಿರುದ್ಧವಾದುದು. ನೀರು ಸೇದುವಾಗ, ಮೆಟ್ಟಿಲು ಹತ್ತುವಾಗ, ಮೊಮ್ಮಕ್ಕಳನ್ನು ಗದರುವಾಗ, ನಿದ್ದೆಯಲ್ಲಿ ಹೃದಯ ಹೇಗಿರುತ್ತದೆಂಬುದೇ ತಿಳಿಯಬೇಕಾದದ್ದು. ದಿನವಿಡೀ ಮಲಗಿಸಿ ದಾಖಲಿಸುವುದಾದರೆ ಆಸ್ಪತ್ರೆಯ ಮಂಚವೇ ಸಾಕಿತ್ತು.

ಯಂತ್ರದಷ್ಟೇ ಮುಖ್ಯವಾದದ್ದು ಅದರೊಡನೆ ಕೊಡುವ ಡೈರಿ. ತೊಂದರೆ ಕಂಡ ಹೊತ್ತು, ಆಗ ಮಾಡುತ್ತಿದ್ದ ಕೆಲಸ, ನುಂಗಿದ ಮಾತ್ರೆ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಗೋಡೆ ಗಡಿಯಾರ ಐದು ನಿಮಿಷ ಮುಂದಿದ್ದರೂ ಲೆಕ್ಕ ತಪ್ಪುತ್ತದೆಂದು ಮೊಬೈಲ್‌ನ ಸಮಯವನ್ನೇ ನೋಡಿದೆವು. ನನ್ನ ಮಗಳು ಬರೆದ ಒಂದು ಸಾಲು ಹೀಗಿತ್ತು: '10.40, ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅಜ್ಜಿಗೆ ಕಣ್ಣು ಕತ್ತಲೆ.' ಅದೇ ನಿಮಿಷದಲ್ಲಿ ಹೃದಯ ನಾಲ್ಕು ಸೆಕೆಂಡುಗಳಿಗೂ ಹೆಚ್ಚು ಕಾಲ ಬಡಿಯದೆ ನಿಂತದ್ದು ದಾಖಲಾಗಿತ್ತು. ವೈದ್ಯರು ಪೇಸ್‌ಮೇಕರ್ ಅಳವಡಿಸಲು ನಿರ್ಧರಿಸುವುದಕ್ಕೆ ಆ ಎರಡು ದಾಖಲೆಗಳ ಹೊಂದಾಣಿಕೆ ಆಧಾರವಾಯಿತು.

ಇಷ್ಟಕ್ಕೆಲ್ಲ ಕೈಗಡಿಯಾರ ಸಾಲದೇ ಎಂದು ನಗರದ ಗೆಳೆಯರು ಕೇಳುತ್ತಾರೆ. 2019ರಲ್ಲಿ ಪ್ರಕಟವಾದ ಆ್ಯಪಲ್ ಹೃದಯ ಅಧ್ಯಯನದಲ್ಲಿ 4,19,297 ಮಂದಿ ಪಾಲ್ಗೊಂಡಿದ್ದರು. ನಾಡಿಬಡಿತದ ಏರುಪೇರಿನ ಸೂಚನೆ ಬಂದದ್ದು ಅವರಲ್ಲಿ ಶೇ 0.52ರಷ್ಟು ಮಂದಿಗೆ, ಬಳಿಕ ಎದೆಗೆ ಪಟ್ಟಿ ಧರಿಸಿ ಹಿಂದಿರುಗಿಸಿದವರ ಪೈಕಿ ಶೇ 34ರಷ್ಟು ಜನರಲ್ಲಿ, ಪಾರ್ಶ್ವವಾಯುವಿಗೆ ಕಾರಣವಾಗಬಲ್ಲ 'ಏಟ್ರಿಯಲ್ ಫಿಬ್ರಿಲೇಶನ್' ಪತ್ತೆಯಾಯಿತು. ಗಡಿಯಾರ ನಿಷ್ಪ್ರಯೋಜಕವಲ್ಲ, ಆದರೆ ಅದು ಕೊಡುವುದು ಸುಳಿವು ಮಾತ್ರ. ಹೃದಯಾಘಾತವನ್ನಂತೂ ಅದು ಗುರುತಿಸಲಾರದು. ತಯಾರಕರೇ ಹಾಗೆ ಹೇಳಿದ್ದಾರೆ. ಎದೆನೋವು ಬಂದಾಗ ಮಣಿಕಟ್ಟು ನೋಡುತ್ತ ಕೂರುವುದು ಅಪಾಯಕಾರಿ.

ಹಳ್ಳಿಗಳ ಸಮಸ್ಯೆ ಬೇರೆಯೇ. ಯಂತ್ರ ಕಟ್ಟಿಸಿಕೊಳ್ಳಲು ಒಮ್ಮೆ, ಮರುದಿನ ಹಿಂದಿರುಗಿಸಲು ಇನ್ನೊಮ್ಮೆ, ವರದಿಗೆ ಮತ್ತೊಮ್ಮೆ ನಾವು ಬೆಂಗಳೂರಿಗೆ ಹೋಗಿಬಂದೆವು. ಕೂಲಿ ಬಿಟ್ಟು ಬರಬೇಕಾದವರು ಎರಡನೆಯ ಪ್ರಯಾಣಕ್ಕೇ ಕೈಚೆಲ್ಲುತ್ತಾರೆ. ವಿಪರ್ಯಾಸವೆಂದರೆ, ನಿರಂತರ ದಾಖಲಾತಿ ಎಂಬುದು ನಮ್ಮ ತಾಲ್ಲೂಕಿಗೆ ಹೊಸತಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಗೌರಿಬಿದನೂರು ಘಟಕ 1960ರ ದಶಕದಿಂದಲೂ ಹಗಲಿರುಳು ನೆಲದ ಕಂಪನಗಳನ್ನು ದಾಖಲಿಸುತ್ತ ಬಂದಿದೆ.

2021ರ ಅಕ್ಟೋಬರ್ 29ರಂದು ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ಸಂಸ್ಥೆಗಳ ತಜ್ಞರು ದೂರದಿಂದಲೇ ಓದುವ ವ್ಯವಸ್ಥೆ ರೂಪುಗೊಂಡಿದೆ. ಅದು ಹೃದಯಾಘಾತದ ತುರ್ತಿಗಾಗಿ. ಅದೇ ಜಾಲಕ್ಕೆ ಪ್ರತಿ ತಾಲ್ಲೂಕಿನಲ್ಲಿ ನಾಲ್ಕೈದು ಹೋಲ್ಟರ್‌ಗಳನ್ನೂ, ಅಂಟಿಸಲು ತರಬೇತಿ ಪಡೆದ ಒಬ್ಬ ದಾದಿಯನ್ನೂ ಸೇರಿಸುವುದು ಅಸಾಧ್ಯವೇನಲ್ಲ. ಯಂತ್ರ ಕಟ್ಟುವುದೂ ಬಿಚ್ಚುವುದೂ ತಾಲ್ಲೂಕು ಆಸ್ಪತ್ರೆಯಲ್ಲೇ ನಡೆದರೆ ದಾಖಲೆಯನ್ನು ಮಾತ್ರ ಬೆಂಗಳೂರಿಗೆ ಕಳುಹಿಸಿದರಾಯಿತು. ಕನ್ನಡದಲ್ಲಿ ಅಚ್ಚಾದ ಒಂದು ಡೈರಿಯನ್ನೂ ಕೊಡಬೇಕು; ನಮಗೆ ಕೊಟ್ಟಿದ್ದು ಇಂಗ್ಲಿಷಿನದು.