ಮುಖದ ಉರಿಯೆಲ್ಲ ಉಷ್ಣವಲ್ಲ

ಭಟ್ಕಳ, ಹೊನ್ನಾವರ, ಕುಮಟಾದ ಬಿಸಿಲಿಗೆ ಮುಖ ಕೆಂಪಾಗುವುದು, ಬೆವರಿಗೆ ಉರಿಯುವುದು ಯಾರಿಗೂ ಹೊಸದಲ್ಲ. ಹಾಗಾಗಿಯೇ ರೊಸೇಶಿಯಾ ಎಂಬ ಚರ್ಮದ ಕಾಯಿಲೆ ಇಲ್ಲಿ ಉಷ್ಣ, ಮೊಡವೆ, ಬಂಗು ಎಂಬ ಹೆಸರುಗಳ ಹಿಂದೆ ಸುಲಭವಾಗಿ ಅಡಗಿಬಿಡುತ್ತದೆ. ಅದು ಬಿಳಿಯರ ಕಾಯಿಲೆಯಲ್ಲವೇ ಎನ್ನಬಹುದು. ಅವರಲ್ಲಿ ಹೆಚ್ಚು ಪತ್ತೆಯಾಗುತ್ತದೆ, ನಿಜ. ಆದರೆ ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದೆ ತುಸು ಕಪ್ಪಾಗಿಯೋ ನೇರಳೆಯಾಗಿಯೋ ತೋರುವುದರಿಂದ ಕಣ್ತಪ್ಪುವುದೂ ಹೆಚ್ಚು. ಆದ್ದರಿಂದ ಬಣ್ಣಕ್ಕಿಂತ ಉರಿಯನ್ನು ಗಮನಿಸಿ: ಬಿಸಿ ಚಹಾ ಕುಡಿದಾಗ, ಖಾರದ ಬಂಗಡೆ ಸಾರು ಉಂಡಾಗ, ಒಲೆಯ ಮುಂದೆ ನಿಂತಾಗ ಕೆನ್ನೆ, ಮೂಗು, ಹಣೆ, ಗಲ್ಲ ಕಾವೇರಿ ಚುರುಗುಟ್ಟುತ್ತವೆ, ಆ ಕೆಂಪು ಬಂದು ಬಂದು ಕೊನೆಗೆ ಅಲ್ಲೇ ನಿಲ್ಲುತ್ತದೆ. ಗುಳ್ಳೆ ಎದ್ದಿದ್ದರೆ ಕನ್ನಡಿ ಹತ್ತಿರ ಹಿಡಿದು ನೋಡಿ. ಮೊಡವೆಯ ಜೊತೆ ಕಾಣುವ ಕಪ್ಪು ಚುಕ್ಕೆಗಳು ಇದರಲ್ಲಿ ಇರುವುದಿಲ್ಲ. ಕಣ್ಣಿಗೆ ಮರಳು ಬಿದ್ದಂತೆ ಕಿರಿಕಿರಿಯಾಗಿ ರೆಪ್ಪೆಯಂಚು ಊದಿದರೆ ಅದನ್ನು ಕಡಲಗಾಳಿಯ ತಲೆಗೆ ಕಟ್ಟಬೇಡಿ.

ಉಷ್ಣ ಎನ್ನುವವರ ಮಾತು ಪೂರ್ತಿ ಸುಳ್ಳೇನಲ್ಲ, ಬಿಸಿಲು ಮತ್ತು ಕಾವು ಇದನ್ನು ಕೆರಳಿಸುತ್ತವೆ. ಆದರೆ ಬೆವರುಸಾಲೆ ತಂಪಾದ ಮೇಲೆ ಇಳಿಯುತ್ತದೆ, ಬಂಗು ಉರಿಯುವುದಿಲ್ಲ. ತಪ್ಪು ಗುರುತಿನ ನಿಜವಾದ ಅಪಾಯ ಇರುವುದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮುಲಾಮಿನಲ್ಲಿ. ನಾಲ್ಕು ದಿನ ಕೆಂಪು ಇಳಿಯುತ್ತದೆ, ಬಿಟ್ಟೊಡನೆ ಉರಿ ಇಮ್ಮಡಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ರೊಸೇಶಿಯಾದಂಥದ್ದನ್ನೇ ಅದು ತಂದೊಡ್ಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಷೆಡ್ಯೂಲ್ ಎಚ್‌ಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಕೆಂಪಿನ ಜೊತೆ ಕೀಲುನೋವು, ಜ್ವರ ಇದ್ದರೆ ಅದು ಲೂಪಸ್ ಇರಬಹುದು, ಚರ್ಮರೋಗ ತಜ್ಞರೇ ನೋಡಬೇಕು. ದೃಷ್ಟಿ ಮಂಜಾದರೆ ಕಣ್ಣಿನ ಡಾಕ್ಟರ ಬಳಿಗೆ ಅಂದೇ ಹೋಗಿ.